ರಕ್ತದ ಒಗಟನ್ನು ಬಿಡಿಸಿದ ವೈದ್ಯ

ಸಿಂಗಪುರದ ಬ್ರಿಟಿಷ್ ಸೈನಿಕ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ 1950ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಒಬ್ಬ ತರುಣ ವೈದ್ಯರು ಬಂದರು. ಆಗ ಅವರ ವಯಸ್ಸು ಇಪ್ಪತ್ತೈದರ ಆಸುಪಾಸು. ವೈದ್ಯ ಪದವಿ ಪಡೆದು ಎರಡು ಮೂರು ವರ್ಷಗಳಷ್ಟೇ ಕಳೆದಿದ್ದವು. ಆ ಕಾಲದಲ್ಲಿ ಬ್ರಿಟನ್ನಿನ ತರುಣರು ಎರಡು ವರ್ಷ ಕಡ್ಡಾಯವಾಗಿ ಸೈನ್ಯದಲ್ಲಿ ಸೇವೆ ಸಲ್ಲಿಸಬೇಕಾಗಿತ್ತು; ಆ ನಿಯಮದಂತೆ ಬಂದವರು ಅವರು. ಆ ವಿಭಾಗದ ಒಂದು ಹಾಸಿಗೆಯಲ್ಲಿ ಸುಮಾರು ಎರಡು ವರ್ಷದ ಹೆಣ್ಣುಮಗುವೊಂದು ಮಲಗಿತ್ತು. ಅದರ ತಂದೆ ನೇಪಾಳದಿಂದ ಬಂದ ಗೂರ್ಖಾ ಸಿಪಾಯಿ. ಮಗುವಿನ ಮೈ ಬಿಳಿಚಿಕೊಂಡಿತ್ತು. ಅದಕ್ಕೆ ಬೇರೆಯವರ ರಕ್ತ ಕೊಟ್ಟರೆ ಕೆಲವು ವಾರ ಚೇತರಿಸಿಕೊಂಡು ನಗುತ್ತಿತ್ತು, ಆಡುತ್ತಿತ್ತು, ಮತ್ತೆ ಸೊರಗುತ್ತಿತ್ತು. ಮತ್ತೆ ರಕ್ತ ಕೊಡಬೇಕು. ಆಹಾರದ ಕೊರತೆಯೇ? ಕೊಕ್ಕೆಹುಳುವಿನ ಬಾಧೆಯೇ? ಮಲೇರಿಯಾವೇ? ಆ ನಾಡುಗಳಲ್ಲಿ ರಕ್ತಹೀನತೆಗೆ ಸಾಮಾನ್ಯವಾಗಿ ಹೇಳುತ್ತಿದ್ದ ಕಾರಣಗಳಾವುವೂ ಈ ಮಗುವಿಗೆ ಹೊಂದಲಿಲ್ಲ.

ಆ ತರುಣ ವೈದ್ಯರೇ ಡೇವಿಡ್ ವೆದರಾಲ್. 1933ರ ಮಾರ್ಚ್ 9ರಂದು ಇಂಗ್ಲೆಂಡಿನ ಬಂದರು ಪಟ್ಟಣವಾದ ಲಿವರ್‌ಪೂಲಿನಲ್ಲಿ ಅವರು ಹುಟ್ಟಿದರು. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿಯೇ ಓದಿ 1956ರಲ್ಲಿ ವೈದ್ಯ ಪದವಿಯನ್ನು ಪಡೆದರು. ಸೈನ್ಯದ ಕರೆ ಬಾರದೆ ಇದ್ದಿದ್ದರೆ ಬಹುಶಃ ಅದೇ ಊರಿನಲ್ಲಿ ಒಬ್ಬ ಒಳ್ಳೆಯ ವೈದ್ಯರಾಗಿ ಅವರ ಜೀವನ ಸಾಗುತ್ತಿತ್ತು. ಆದರೆ ಸಿಂಗಪುರದ ಆ ಮಗು ಅವರನ್ನು ಬಿಡಲಿಲ್ಲ.

ಸಿಂಗಪುರದ ವಿಶ್ವವಿದ್ಯಾನಿಲಯದಲ್ಲಿ ಫ್ರಾಂಕ್ ವೆಲ್ಲ ಎಂಬ ಜೀವರಸಾಯನಶಾಸ್ತ್ರಜ್ಞರಿದ್ದರು. ಬಿಡುವಿನ ವೇಳೆಯಲ್ಲಿ ವೆದರಾಲ್ ಅವರ ನೆರವನ್ನು ಪಡೆದು ಮಗುವಿನ ರಕ್ತವನ್ನು ಪರೀಕ್ಷಿಸತೊಡಗಿದರು. ಬೆಲೆಬಾಳುವ ಉಪಕರಣಗಳು ಅವರ ಕೈಯಲ್ಲಿರಲಿಲ್ಲ. ಸೋಸುಕಾಗದದ ಪಟ್ಟಿಗಳನ್ನೂ ಮೋಟಾರು ಕಾರಿನ ಬ್ಯಾಟರಿಗಳನ್ನೂ ಜೋಡಿಸಿಕೊಂಡರು. ಒದ್ದೆಯಾದ ಕಾಗದದ ಪಟ್ಟಿಯ ಮೇಲೆ ರಕ್ತದ ಸತ್ವವನ್ನು ಹಾಕಿ ವಿದ್ಯುತ್ತನ್ನು ಹರಿಸಿದರೆ, ಅದರಲ್ಲಿರುವ ಬೇರೆಬೇರೆ ಪ್ರೋಟೀನುಗಳು ತಮ್ಮ ತಮ್ಮ ವಿದ್ಯುದಂಶಕ್ಕೆ ತಕ್ಕಂತೆ ಬೇರೆಬೇರೆ ದೂರಕ್ಕೆ ಸರಿದು ನಿಲ್ಲುತ್ತವೆ. ಹೀಗೆ ಬೇರ್ಪಡಿಸಿ ನೋಡಿದಾಗ ತಿಳಿದು ಬಂದ ಸಂಗತಿ ಆಶ್ಚರ್ಯಕರವಾಗಿತ್ತು. ಮಗುವಿಗೆ ಇದ್ದದ್ದು ಥಲಸ್ಸೀಮಿಯ. ಮೆಡಿಟರೇನಿಯನ್ ಸಮುದ್ರದ ತೀರದ ಇಟಲಿ, ಗ್ರೀಸ್ ಮೊದಲಾದ ದೇಶಗಳ ಜನರಲ್ಲಿ ಕಾಣುವ ರೋಗವೆಂದೇ ಬಹುಮಂದಿ ವೈದ್ಯರು ತಿಳಿದಿದ್ದ ಈ ವ್ಯಾಧಿ ಹಿಮಾಲಯದ ಮಡಿಲಿನ ನೇಪಾಳದ ಕುಟುಂಬದಲ್ಲಿ ಹೇಗೆ ಬಂದಿತು?

ಈ ಸಂಗತಿಯನ್ನು ವೆದರಾಲ್ ಮತ್ತು ವೆಲ್ಲ 1960ರಲ್ಲಿ ಬ್ರಿಟನ್ನಿನ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಮೆಚ್ಚುಗೆ ಬರುವುದೆಂದು ಕಾದಿದ್ದ ತರುಣ ವೈದ್ಯರಿಗೆ ಬಂದದ್ದು ಛೀಮಾರಿ. ಅಪ್ಪಣೆಯಿಲ್ಲದೆ ಲೇಖನವನ್ನು ಪ್ರಕಟಿಸುವುದು ಸೈನಿಕ ನ್ಯಾಯಾಲಯದ ಮುಂದೆ ನಿಲ್ಲಬೇಕಾದ ಅಪರಾಧವೆಂದು ಮೇಲಧಿಕಾರಿಗಳು ಎಚ್ಚರಿಸಿದರು. ಶೌರ್ಯಕ್ಕೆ ಹೆಸರಾದ ಗೂರ್ಖಾ ಪಡೆಯವರ ವಂಶದಲ್ಲಿ ದೋಷವಿದೆ ಎಂದು ಲೋಕಕ್ಕೆ ಸಾರಿದುದು ಅವರಿಗೆ ಹಿಡಿಸಲಿಲ್ಲ. ವೆದರಾಲ್ ಮುಂದೆ ಈ ಪ್ರಸಂಗವನ್ನು ನಗುತ್ತ ಹೇಳಿಕೊಳ್ಳುತ್ತಿದ್ದರು. ಆದರೆ ಇದರಲ್ಲಿ ನಗುವಿಗಿಂತ ಹೆಚ್ಚಿನದು ಅಡಗಿದೆ. ವಂಶದಿಂದ ಬರುವ ರೋಗವೆಂದರೆ ವಂಶಕ್ಕೆ ತಗುಲಿದ ಕಳಂಕವೆಂದು ಭಾವಿಸುವವರು ಸೈನ್ಯದಲ್ಲಿ ಮಾತ್ರವೇ ಇರಲಿಲ್ಲ. ನಮ್ಮ ಊರುಕೇರಿಗಳಲ್ಲಿಯೂ ಇದ್ದಾರೆ.

ಈ ರೋಗದ ಸ್ವರೂಪವನ್ನು ತಿಳಿಯಬೇಕಾದರೆ ರಕ್ತದ ರಚನೆಯನ್ನು ಸ್ವಲ್ಪ ನೋಡಬೇಕು. ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ ವಸ್ತುವಿಗೆ ಹೀಮೋಗ್ಲೋಬಿನ್ ಎಂದು ಹೆಸರು. ನಾವು ಉಸಿರಾಡಿದ ಗಾಳಿಯಲ್ಲಿನ ಆಮ್ಲಜನಕವನ್ನು ಶ್ವಾಸಕೋಶದಿಂದ ದೇಹದ ಮೂಲೆಮೂಲೆಗೆ ಹೊತ್ತು ಸಾಗಿಸುವುದು ಇದೇ. ಒಂದೊಂದು ಕೆಂಪು ರಕ್ತಕಣದಲ್ಲಿಯೂ ಸುಮಾರು 27 ಕೋಟಿ ಹೀಮೋಗ್ಲೋಬಿನ್ ಅಣುಗಳಿರುತ್ತವೆ. ಪ್ರತಿಯೊಂದು ಅಣುವಿನಲ್ಲಿಯೂ ಅಮೈನೋ ಆಮ್ಲಗಳೆಂಬ ಮಣಿಗಳಿಂದ ಪೋಣಿಸಿದ ನಾಲ್ಕು ಸರಗಳಿವೆ. ಅವುಗಳಲ್ಲಿ ಎರಡು ಆಲ್ಫ ಸರಗಳು, ಎರಡು ಬೀಟ ಸರಗಳು. ಆಲ್ಫ ಸರದಲ್ಲಿ 141 ಮಣಿಗಳು, ಬೀಟ ಸರದಲ್ಲಿ 146. ಯಾವ ಮಣಿಯ ಪಕ್ಕದಲ್ಲಿ ಯಾವುದು ಬರಬೇಕು, ಎಷ್ಟು ಸರಗಳು ತಯಾರಾಗಬೇಕು ಎಂಬ ಆಜ್ಞೆಯೆಲ್ಲವೂ ತಂದೆತಾಯಿಗಳಿಂದ ನಮಗೆ ಬಂದ ವಂಶವಾಹಿಗಳಲ್ಲಿ ಇರುತ್ತದೆ. ತಾಯಿಯ ಗರ್ಭದಲ್ಲಿರುವಾಗ ಶಿಶುವಿಗೆ ಬೀಟ ಸರದ ಬದಲು ಗ್ಯಾಮ ಎಂಬ ಬೇರೊಂದು ಸರವಿರುತ್ತದೆ. ಹುಟ್ಟಿದ ಮೇಲೆ ಕೆಲವು ತಿಂಗಳಲ್ಲಿ ಗ್ಯಾಮ ನಿಂತು ಬೀಟ ಅದರ ಸ್ಥಾನಕ್ಕೆ ಬರುತ್ತದೆ. ಆದುದರಿಂದಲೇ ಬೀಟ ಥಲಸ್ಸೀಮಿಯವುಳ್ಳ ಮಗು ಹುಟ್ಟುವಾಗ ಗುಂಡುಗುಂಡಾಗಿ, ಆರೋಗ್ಯವಾಗಿಯೇ ಇರುತ್ತದೆ. ಅದು ಬಾಡತೊಡಗುವುದು ತೊಟ್ಟಿಲಿಗೆ ಹಾಕಿ, ಹೆಸರಿಟ್ಟು, ಮನೆಮಂದಿಯೆಲ್ಲ ಮುದ್ದಾಡತೊಡಗಿದ ಮೇಲೆ. ತಂದೆತಾಯಿಗಳು ದೃಷ್ಟಿ ತಾಗಿತೆಂದು ಕೊರಗಿದರೆ ಅವರನ್ನು ಹಳಿಯುವಂತಿಲ್ಲ.

ಈ ರೋಗವನ್ನು ಮೊದಲು ಸ್ಪಷ್ಟವಾಗಿ ವರ್ಣಿಸಿದವರು ಅಮೆರಿಕದ ಡೆಟ್ರಾಯಿಟ್ ನಗರದ ಮಕ್ಕಳ ವೈದ್ಯ ಥಾಮಸ್ ಕೂಲಿ. ಅದು 1925ರಲ್ಲಿ. ಗ್ರೀಕ್ ಭಾಷೆಯಲ್ಲಿ ಕಡಲಿಗೆ 'ಥಲಸ್ಸ' ಎನ್ನುತ್ತಾರೆ. ಕಡಲ ತೀರದವರ ರೋಗವೆಂಬ ಅರ್ಥದಲ್ಲಿ 1932ರಲ್ಲಿ ಥಲಸ್ಸೀಮಿಯ ಎಂಬ ಹೆಸರು ಬಂದಿತು. ಇದಕ್ಕೆ ಹತ್ತಿರದ ಬಂಧುವಾದ ಇನ್ನೊಂದು ರೋಗವುಂಟು. ಅದರಲ್ಲಿ ಗುಂಡಗಿರಬೇಕಾದ ರಕ್ತಕಣಗಳು ಕುಡುಗೋಲಿನಂತೆ ಬಾಗುತ್ತವೆ. ಈ ಕುಡುಗೋಲು ಕಣ ರೋಗವು ಹೀಮೋಗ್ಲೋಬಿನ್ ಅಣುವಿನ ದೋಷದಿಂದ ಬರುವುದೆಂದು 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವರ ಸಂಗಡಿಗರು ತೋರಿಸಿದರು. ಬೀಟ ಸರದ ಆರನೆಯ ಸ್ಥಾನದಲ್ಲಿ ಒಂದೇ ಒಂದು ಮಣಿ ಬದಲಾದುದೇ ಅದರ ಮೂಲವೆಂದು ಕೇಂಬ್ರಿಜ್ಜಿನಲ್ಲಿ ವರ್ನನ್ ಇಂಗ್ರಾಂ ಕಂಡುಹಿಡಿದರು. ಆದರೆ ಥಲಸ್ಸೀಮಿಯದ ಗುಟ್ಟು ಅಷ್ಟು ಸುಲಭವಾಗಿ ಬಿಟ್ಟುಕೊಡಲಿಲ್ಲ. ಅಲ್ಲಿ ಮಣಿಗಳು ಬದಲಾದಂತೆ ಕಾಣಲಿಲ್ಲ. ಹೀಮೋಗ್ಲೋಬಿನ್ ಸರಿಯಾಗಿಯೇ ಇತ್ತು. ಆದರೆ ಸಾಕಷ್ಟು ಇರಲಿಲ್ಲ. ಏಕೆ?

ಸೈನ್ಯದ ಸೇವೆ ಮುಗಿದ ಮೇಲೆ ವೆದರಾಲ್ ಈ ಪ್ರಶ್ನೆಯನ್ನು ಹೊತ್ತುಕೊಂಡು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಅವರಿಗೆ ಜಾನ್ ಕ್ಲೆಗ್ ಎಂಬ ಪ್ರೋಟೀನು ರಸಾಯನಜ್ಞರ ಜೊತೆ ದೊರೆಯಿತು. ಈ ಜೊತೆ ಮುಂದೆ ಹಲವು ದಶಕಗಳ ಕಾಲ ಮುರಿಯಲಿಲ್ಲ. ಒಬ್ಬರು ರೋಗಿಯನ್ನು ಬಲ್ಲವರು, ಇನ್ನೊಬ್ಬರು ಅಣುವನ್ನು ಬಲ್ಲವರು.

ಅವರ ಮುಂದಿದ್ದ ತೊಡಕು ಇದು. ರಕ್ತಕಣದಲ್ಲಿ ಆಲ್ಫ ಸರಗಳೆಷ್ಟು, ಬೀಟ ಸರಗಳೆಷ್ಟು ತಯಾರಾಗುತ್ತಿವೆ ಎಂದು ಲೆಕ್ಕಹಾಕಬೇಕು. ಆದರೆ ಸರಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಅವನ್ನು ಒಂದನ್ನೂ ಕಳೆಯದಂತೆ ಬಿಡಿಸುವುದು ಹೇಗೆ? ಕ್ಲೆಗ್ ಮತ್ತು ಅವರ ಸಂಗಡಿಗರು ಗಾಢವಾದ ಯೂರಿಯಾ ದ್ರಾವಣವನ್ನು ಬಳಸಿದರು. ನಮ್ಮ ರೈತರು ಹೊಲಕ್ಕೆ ಹಾಕುವ ಯೂರಿಯಾವೇ ಅದು. ಅದರಲ್ಲಿ ಹೆಣೆದ ಸರಗಳು ಬಿಚ್ಚಿಕೊಂಡವು. ಒಂದು ಉದ್ದನೆಯ ಗಾಜಿನ ಕೊಳವೆಯ ಮೂಲಕ ಹಾಯಿಸಿದಾಗ ಆಲ್ಫ ಬೇರೆಯಾಗಿ, ಬೀಟ ಬೇರೆಯಾಗಿ ಇಳಿದು ಬಂದವು. ಎಳೆಯ ರಕ್ತಕಣಗಳಿಗೆ ಮೊದಲೇ ವಿಕಿರಣಶೀಲವಾದ ಅಮೈನೋ ಆಮ್ಲವನ್ನು ಉಣಿಸಿದ್ದುದರಿಂದ ಹೊಸದಾಗಿ ತಯಾರಾದ ಸರಗಳೆಲ್ಲವೂ ಗುರುತು ಹೊತ್ತಿದ್ದವು. ಅವನ್ನು ಎಣಿಸುವುದು ಸಾಧ್ಯವಾಯಿತು.

1965ರಲ್ಲಿ ಹೊರಬಿದ್ದ ಫಲಿತಾಂಶ ಸ್ಪಷ್ಟವಾಗಿತ್ತು. ಆರೋಗ್ಯವಂತರಲ್ಲಿ ಎರಡು ಬಗೆಯ ಸರಗಳೂ ಸಮಸಮವಾಗಿ ತಯಾರಾಗುತ್ತವೆ. ಬೀಟ ಥಲಸ್ಸೀಮಿಯದಲ್ಲಿ ಬೀಟ ಸರಗಳು ತೀರ ಕಡಿಮೆ, ಅಥವಾ ಇಲ್ಲವೇ ಇಲ್ಲ; ಆಲ್ಫ ಮಾತ್ರ ಎಂದಿನಂತೆ ತಯಾರಾಗುತ್ತಲೇ ಇರುತ್ತದೆ. ಆಲ್ಫ ಥಲಸ್ಸೀಮಿಯ ಎಂಬ ಇನ್ನೊಂದು ಬಗೆಯಲ್ಲಿ ಇದು ತಿರುವುಮುರುವು. ರೋಗವಿರುವುದು ಬರಿಯ ಕೊರತೆಯಲ್ಲಿ ಅಲ್ಲ, ಸಮತೋಲ ತಪ್ಪಿದುದರಲ್ಲಿ. ಒಂದು ಎತ್ತು ಸತ್ತರೆ ಉಳಿದೊಂದು ಎತ್ತಿನಿಂದ ಗಾಡಿ ಸಾಗದು ಎಂಬಷ್ಟೇ ಆಗಿದ್ದರೆ ಹಾನಿ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಜೋಡಿಯಿಲ್ಲದ ಎತ್ತು ಕೊಟ್ಟಿಗೆಯನ್ನೇ ಕೆಡವುತ್ತದೆ. ಜೊತೆ ಸಿಗದ ಆಲ್ಫ ಸರಗಳು ಗಡ್ಡೆಕಟ್ಟಿ, ಎಲುಬಿನ ಮಜ್ಜೆಯಲ್ಲಿ ಇನ್ನೂ ಬೆಳೆಯುತ್ತಿರುವ ರಕ್ತಕಣಗಳನ್ನು ಒಳಗಿನಿಂದಲೇ ನಾಶ ಮಾಡುತ್ತವೆ. ಆರೋಗ್ಯವಂತನ ಕೆಂಪು ಕಣ ಸುಮಾರು 120 ದಿನ ಬಾಳುತ್ತದೆ; ಈ ಮಕ್ಕಳಲ್ಲಿ ಬಹುಪಾಲು ಕಣಗಳು ಮಜ್ಜೆಯಿಂದ ಹೊರಕ್ಕೆ ಬರುವ ಮೊದಲೇ ಸಾಯುತ್ತವೆ. ಕಳೆದುದನ್ನು ತುಂಬಲು ಮಜ್ಜೆ ಹೆಣಗಾಡಿ ಹಿಗ್ಗುತ್ತದೆ. ಮುಖದ ಎಲುಬುಗಳು ಉಬ್ಬುತ್ತವೆ, ಗುಲ್ಮ ದೊಡ್ಡದಾಗಿ ಹೊಟ್ಟೆ ಮುಂದಕ್ಕೆ ಬರುತ್ತದೆ. ಮಗುವಿನ ಮೈಮೇಲೆ ಕಾಣುವ ಲಕ್ಷಣಗಳಿಗೆಲ್ಲ ಹೀಗೆ ಒಂದೇ ಮೂಲ ದೊರೆಯಿತು.

ಈ ಅರಿವಿನಿಂದ ಒಂದು ವಿಚಿತ್ರವೂ ಬಿಡಿಸಿಕೊಂಡಿತು. ಒಂದೇ ಮಗುವಿಗೆ ಬೀಟ ಥಲಸ್ಸೀಮಿಯದೊಡನೆ ಆಲ್ಫ ಥಲಸ್ಸೀಮಿಯವೂ ಇದ್ದರೆ ಸ್ಥಿತಿ ಇನ್ನಷ್ಟು ಹದಗೆಡಬೇಕಲ್ಲವೇ? ಹಾಗಾಗುವುದಿಲ್ಲ, ರೋಗ ಹಗುರಾಗುತ್ತದೆ. ಬೀಟ ಕಡಿಮೆಯಾದಂತೆ ಆಲ್ಫವೂ ಕಡಿಮೆಯಾದುದರಿಂದ ಜೋಡಿಯಿಲ್ಲದ ಸರಗಳು ಹೆಚ್ಚು ಉಳಿಯುವುದಿಲ್ಲ. ಹುಟ್ಟಿದ ಮೇಲೆಯೂ ಗ್ಯಾಮ ಸರವನ್ನು ನಿಲ್ಲಿಸದೆ ತಯಾರಿಸುವ ಮಕ್ಕಳೂ ಇದ್ದಾರೆ. ಅವರಲ್ಲಿ ಹೆಚ್ಚಿನ ಆಲ್ಫಕ್ಕೆ ಗ್ಯಾಮವೇ ಜೊತೆಯಾಗಿ ಅವರನ್ನು ಕಾಪಾಡುತ್ತದೆ. ಈ ಮಾತನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಮುಂದೆ ಇದು ಮತ್ತೆ ಬರುತ್ತದೆ.

ವಂಶದಿಂದ ರೋಗ ಬರುವ ಬಗೆಯನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಈ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಪ್ರತಿಯೊಬ್ಬರಿಗೂ ಬೀಟ ಸರದ ವಂಶವಾಹಿಗಳು ಎರಡಿರುತ್ತವೆ: ಒಂದು ತಂದೆಯಿಂದ, ಒಂದು ತಾಯಿಯಿಂದ. ಎರಡರಲ್ಲಿ ಒಂದು ಮಾತ್ರ ದೋಷವುಳ್ಳದ್ದಾದರೆ ಆ ವ್ಯಕ್ತಿ ವಾಹಕ. ವಾಹಕರು ಸಾಮಾನ್ಯವಾಗಿ ಆರೋಗ್ಯದಿಂದಲೇ ಬಾಳುತ್ತಾರೆ. ರಕ್ತಪರೀಕ್ಷೆ ಮಾಡಿಸದಿದ್ದರೆ ತಾವು ವಾಹಕರೆಂಬುದು ಅವರಿಗೇ ಗೊತ್ತಾಗದು. ಇಬ್ಬರು ವಾಹಕರು ಮದುವೆಯಾದರೆ ಅವರಿಗೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂರಕ್ಕೆ ಭಯವಿಲ್ಲ ಎಂದು ಎಣಿಸುವುದು ತಪ್ಪು. ಚಿಮ್ಮಿದ ನಾಣ್ಯಕ್ಕೆ ಹಿಂದಿನ ಸಲ ಏನು ಬಿತ್ತೆಂಬುದು ನೆನಪಿರುವುದಿಲ್ಲ. ಇನ್ನು, ಮಗುವಿಗೆ ಇಂಥ ರೋಗ ಬಂದಾಗ ತಾಯಿಯನ್ನು ದೂರುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಥಲಸ್ಸೀಮಿಯದಲ್ಲಿ ತಂದೆಯ ಪಾಲೂ ತಾಯಿಯ ಪಾಲೂ ಸರಿಸಮ, ಯಾರೊಬ್ಬರದೂ ತಪ್ಪಿಲ್ಲ. ಕರ್ನಾಟಕದಲ್ಲಿ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ವಾಡಿಕೆ ಅನೇಕ ಮನೆತನಗಳಲ್ಲಿದೆ. ಒಂದೇ ಅಜ್ಜ-ಅಜ್ಜಿಯರಿಂದ ಬಂದ ದೋಷವುಳ್ಳ ವಂಶವಾಹಿ ಗಂಡು ಹೆಣ್ಣು ಇಬ್ಬರಲ್ಲಿಯೂ ಇರುವ ಸಂಭವ ಇಂಥ ಸಂಬಂಧಗಳಲ್ಲಿ ಹೆಚ್ಚು.

ವೆದರಾಲ್ 1965ರಲ್ಲಿ ಲಿವರ್‌ಪೂಲಿಗೆ ಹಿಂದಿರುಗಿದರು. ಮುಂದೆ ಅಲ್ಲಿ ಪ್ರಾಧ್ಯಾಪಕರಾದರು. 1974ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ಹೋದರು. ಅದೇ ವರ್ಷ ಅವರೂ ಅವರ ಸಹೋದ್ಯೋಗಿಗಳೂ ಒಂದು ಮಹತ್ವದ ಸಂಗತಿಯನ್ನು ಪ್ರಕಟಿಸಿದರು. ಆಲ್ಫ ಥಲಸ್ಸೀಮಿಯದ ಅತ್ಯಂತ ಕಠಿಣವಾದ ರೂಪದಲ್ಲಿ ಮಗು ಹುಟ್ಟುವ ಮೊದಲೇ ಅಥವಾ ಹುಟ್ಟಿದೊಡನೆಯೇ ಸಾಯುತ್ತದೆ. ಆಗ್ನೇಯ ಏಷ್ಯದಲ್ಲಿ ಎಷ್ಟೋ ತಾಯಂದಿರು ಈ ದುಃಖವನ್ನು ಉಂಡಿದ್ದಾರೆ. ಅಂಥ ಶಿಶುಗಳಲ್ಲಿ ಆಲ್ಫ ಸರದ ವಂಶವಾಹಿಗಳು ಕೆಟ್ಟಿರಲಿಲ್ಲ. ಅವು ಇರಲೇ ಇಲ್ಲ. ಗ್ರಂಥದಿಂದ ಒಂದು ಹಾಳೆಯನ್ನೇ ಕಿತ್ತುಹಾಕಿದಂತೆ ಅವು ಮಾಯವಾಗಿದ್ದವು. ಅದೇ ಸಮಯದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರೂ ಸ್ವತಂತ್ರವಾಗಿ ಇದನ್ನೇ ಕಂಡರು. ವಂಶವಾಹಿಯೇ ಇಲ್ಲವಾಗುವುದರಿಂದ ಮಾನವನಿಗೆ ರೋಗ ಬರುವುದೆಂದು ನೇರವಾಗಿ ತೋರಿಸಿಕೊಟ್ಟುದು ಅದೇ ಮೊದಲು.

ಇಷ್ಟೊಂದು ಹಾನಿಕರವಾದ ವಂಶವಾಹಿ ಕೋಟ್ಯಂತರ ಜನರಲ್ಲಿ ಹೇಗೆ ಉಳಿದುಕೊಂಡು ಬಂದಿತು? ರೋಗಿಗಳು ಮಕ್ಕಳಾಗುವ ಮೊದಲೇ ಸಾಯುವುದರಿಂದ ಅದು ಎಂದೋ ಕಡಿಮೆಯಾಗಬೇಕಾಗಿತ್ತಲ್ಲವೇ? ಇದಕ್ಕೆ ಒಂದು ಊಹೆಯನ್ನು 1940ರ ದಶಕದ ಕೊನೆಯಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಮುಂದಿಟ್ಟಿದ್ದರು. 1957ರಲ್ಲಿ ಇಂಗ್ಲೆಂಡನ್ನು ಬಿಟ್ಟು ಕಲ್ಕತ್ತೆಗೆ ಬಂದು, ಭಾರತದ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ ಅವರೇ. ಥಲಸ್ಸೀಮಿಯದ ವಾಹಕರಿಗೆ ಮಲೇರಿಯಾದಿಂದ ರಕ್ಷಣೆ ದೊರೆಯುತ್ತಿರಬೇಕು ಎಂಬುದು ಅವರ ತರ್ಕವಾಗಿತ್ತು. ಮಲೇರಿಯಾ ಕೆಂಪು ರಕ್ತಕಣವನ್ನು ಹೊಕ್ಕು ಬೆಳೆಯುವ ಜೀವಿಯಿಂದ ಬರುವ ರೋಗ. ಕಣ ಸ್ವಲ್ಪ ಬೇರೆಯಾಗಿದ್ದರೆ ಆ ಜೀವಿಗೆ ಅದು ಒಗ್ಗದಿರಬಹುದು. ಊಹೆ ಸೊಗಸಾಗಿತ್ತು, ಪ್ರಮಾಣ ಬೇಕಾಗಿತ್ತು.

ಆಕ್ಸ್‌ಫರ್ಡಿನ ತಂಡ ಪ್ರಮಾಣವನ್ನು ಅರಸಿದುದು ಶಾಂತಸಾಗರದ ದ್ವೀಪಗಳಲ್ಲಿ. ಪಪುವಾ ನ್ಯೂ ಗಿನಿಯ ಕರಾವಳಿಯಲ್ಲಿ ಮಲೇರಿಯಾ ಬಹಳ. ಎತ್ತರದ ಬೆಟ್ಟಸೀಮೆಯಲ್ಲಿ ಚಳಿಯಿಂದಾಗಿ ಸೊಳ್ಳೆಯೂ ಕಡಿಮೆ, ಮಲೇರಿಯಾವೂ ಕಡಿಮೆ. ಅಲ್ಲಿಂದ ದಕ್ಷಿಣಕ್ಕೆ ವನುವಾಟು ದ್ವೀಪಗಳನ್ನು ದಾಟಿ ನ್ಯೂ ಕ್ಯಾಲಿಡೋನಿಯಾ ಕಡೆಗೆ ಹೋದಂತೆ ಮಲೇರಿಯಾ ಕ್ರಮವಾಗಿ ಇಳಿಯುತ್ತದೆ. ಅಲ್ಲಿಯ ಜನರ ರಕ್ತವನ್ನು ಪರೀಕ್ಷಿಸಿದಾಗ ಆಲ್ಫ ಥಲಸ್ಸೀಮಿಯವೂ ಮಲೇರಿಯಾದ ಹೆಜ್ಜೆಯಲ್ಲಿಯೇ ಹೆಜ್ಜೆಯಿಟ್ಟು ನಡೆದಿತ್ತು: ಕರಾವಳಿಯಲ್ಲಿ ಬಹಳ, ಬೆಟ್ಟದಲ್ಲಿ ಅಪರೂಪ, ಉತ್ತರದಲ್ಲಿ ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಜನರ ವಲಸೆಯಿಂದಲೇ ಹೀಗಾಗಿರಬಹುದೆಂಬ ಸಂಶಯಕ್ಕೂ ಅವರು ಉತ್ತರ ಸಿದ್ಧಮಾಡಿಕೊಂಡಿದ್ದರು. ರಕ್ತಕ್ಕೆ ಸಂಬಂಧಪಡದ ಬೇರೆ ವಂಶಲಕ್ಷಣಗಳನ್ನೂ ಅದೇ ಜನರಲ್ಲಿ ನೋಡಿದರು. ಅವು ಹೀಗೆ ಏರಿಳಿಯಲಿಲ್ಲ. 1986ರಲ್ಲಿ ಈ ಕೆಲಸ ಪ್ರಕಟವಾದ ಮೇಲೆ ಹಾಲ್ಡೇನರ ಊಹೆಗೆ ಗಟ್ಟಿಯಾದ ನೆಲೆ ದೊರೆಯಿತು.

ನಮ್ಮ ನೆರೆಯಲ್ಲಿಯೂ ಇದಕ್ಕೆ ಸಂಬಂಧಪಟ್ಟ ಸಾಕ್ಷ್ಯವುಂಟು. 1952ರಲ್ಲಿ ನೀಲಗಿರಿಯ ಬುಡಕಟ್ಟಿನ ಜನರಲ್ಲಿ ಕುಡುಗೋಲು ಕಣವನ್ನು ಗುರುತಿಸಲಾಯಿತು. ನಮ್ಮ ದಕ್ಷಿಣದ ಕಾಡುಗಳಲ್ಲಿ ವಾಸಿಸುವ ಸೋಲಿಗರಲ್ಲಿಯೂ ಜೇನುಕುರುಬರಲ್ಲಿಯೂ ಆ ರೋಗವಿದೆ. ಮಲೇರಿಯಾ ಕಾಡುಜನರನ್ನು ತಲೆತಲಾಂತರದಿಂದ ಕಾಡಿದುದರ ಗುರುತು ಅವರ ರಕ್ತದಲ್ಲಿ ಉಳಿದಿದೆ. ಗೂರ್ಖಾ ಮಗುವಿನ ರೋಗವನ್ನು ಕಳಂಕವೆಂದು ಎಣಿಸಿದ ಅಧಿಕಾರಿಗಳಿಗೆ ಇದಕ್ಕಿಂತ ಉತ್ತಮವಾದ ಉತ್ತರ ಬೇಡ. ಒಂದು ಕಾಲದಲ್ಲಿ ಅನೇಕರ ಜೀವವನ್ನು ಉಳಿಸಿದ ವಂಶವಾಹಿಯೇ ಎರಡು ಪಾಲಾಗಿ ಒಂದೇ ಮಗುವಿಗೆ ಬಂದಾಗ ಜೀವವನ್ನು ತೆಗೆಯುತ್ತದೆ.

ಇಷ್ಟೆಲ್ಲ ತಿಳಿದರೂ ಹಾಸಿಗೆಯಲ್ಲಿರುವ ಮಗುವಿಗೆ ಏನಾಯಿತು ಎಂಬ ಪ್ರಶ್ನೆ ಉಳಿಯುತ್ತದೆ. ಕಠಿಣವಾದ ಬೀಟ ಥಲಸ್ಸೀಮಿಯವುಳ್ಳ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಜೀವಮಾನವಿಡೀ ರಕ್ತ ಕೊಡಬೇಕು. ಕೊಟ್ಟ ರಕ್ತದ ಪ್ರತಿಯೊಂದು ಚೀಲದಲ್ಲಿಯೂ 200 ಮಿಲಿಗ್ರಾಮಿನಷ್ಟು ಕಬ್ಬಿಣ ದೇಹವನ್ನು ಸೇರುತ್ತದೆ. ಅದನ್ನು ಹೊರಹಾಕುವ ದಾರಿ ನಮ್ಮ ದೇಹಕ್ಕಿಲ್ಲ. ಕಬ್ಬಿಣ ಹೃದಯದಲ್ಲಿ, ಯಕೃತ್ತಿನಲ್ಲಿ ನೆಲಸಿ ಹರೆಯದಲ್ಲಿಯೇ ಪ್ರಾಣಕ್ಕೆ ಎರವಾಗುತ್ತದೆ. ಬದುಕಿಸಲು ಕೊಟ್ಟ ರಕ್ತವೇ ವಿಷವಾಗುವುದೆಂದರೆ ಇದೇ. ಕಬ್ಬಿಣವನ್ನು ಹಿಡಿದು ಹೊರಕ್ಕೆ ಸಾಗಿಸುವ ಔಷಧವನ್ನು 1970ರ ದಶಕದಿಂದ ಚರ್ಮದ ಕೆಳಗೆ ಸಣ್ಣ ಯಂತ್ರದ ಮೂಲಕ ರಾತ್ರಿಯೆಲ್ಲ ಹನಿಹನಿಯಾಗಿ ಕೊಡುವ ಕ್ರಮ ಬಂದಿತು. ವಾರದಲ್ಲಿ ಐದಾರು ರಾತ್ರಿ ಸೂಜಿ ಚುಚ್ಚಿಕೊಂಡೇ ಮಲಗಬೇಕಾದ ಮಕ್ಕಳ ಪಾಡನ್ನು ಊಹಿಸಿಕೊಳ್ಳಿ. ನುಂಗುವ ಮಾತ್ರೆಗಳು ಬಂದುದು ಬಹಳ ತಡವಾಗಿ. ರೋಗವನ್ನು ತಡೆಯುವ ಕಡೆಗೂ ಯತ್ನಗಳು ನಡೆದವು. ಸೈಪ್ರಸ್ ದ್ವೀಪದಲ್ಲಿ ಏಳು ಜನರಲ್ಲಿ ಒಬ್ಬರಂತೆ ವಾಹಕರಿದ್ದರು. ಮದುವೆಗೆ ಮೊದಲು ರಕ್ತಪರೀಕ್ಷೆ ಮಾಡಿಸಿಕೊಳ್ಳುವ ವ್ಯವಸ್ಥೆಯಿಂದ ಅಲ್ಲಿ ಹೊಸದಾಗಿ ರೋಗದೊಡನೆ ಹುಟ್ಟುವ ಮಕ್ಕಳು ಬಹುಮಟ್ಟಿಗೆ ಇಲ್ಲವಾದರು. ಗರ್ಭದ ಮೊದಲ ತಿಂಗಳುಗಳಲ್ಲಿಯೇ ವಂಶವಾಹಿಯನ್ನು ಪರೀಕ್ಷಿಸಿ ರೋಗವನ್ನು ತಿಳಿಯುವ ವಿಧಾನವನ್ನು ವೆದರಾಲರ ತಂಡವೂ ಲಂಡನ್ನಿನ ವೈದ್ಯರೂ ಕೂಡಿ 1982ರಲ್ಲಿ ರೂಪಿಸಿದರು.

ಆದರೆ ವೆದರಾಲರ ಮನಸ್ಸನ್ನು ಕೊರೆಯುತ್ತಿದ್ದುದು ಬೇರೊಂದು. ಈ ರೋಗಗಳ ಭಾರ ಹೆಚ್ಚಾಗಿ ಬಿದ್ದಿರುವುದು ಏಷ್ಯ, ಆಫ್ರಿಕ ಖಂಡಗಳ ಬಡ ದೇಶಗಳ ಮೇಲೆ. ಭಾರತವೊಂದರಲ್ಲಿಯೇ ನೂರಕ್ಕೆ ಮೂರು ನಾಲ್ಕು ಜನ ಬೀಟ ಥಲಸ್ಸೀಮಿಯದ ವಾಹಕರೆಂದು ಅಂದಾಜು. ಕೆಲವು ಸಮುದಾಯಗಳಲ್ಲಿ ಇನ್ನೂ ಹೆಚ್ಚು. ಸಂಶೋಧನೆ ನಡೆಯುವುದು ಶ್ರೀಮಂತ ದೇಶಗಳ ಪ್ರಯೋಗಾಲಯಗಳಲ್ಲಿ. ಮಕ್ಕಳು ಸಾಯುವುದು ಬೇರೆ ಕಡೆ. ಈ ಅಂತರವನ್ನು ಅವರು ತಮ್ಮ ಬರಹಗಳಲ್ಲಿ ಮತ್ತೆ ಮತ್ತೆ ಎತ್ತಿ ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಹೊರತಂದ, ವಂಶವಾಹಿ ವಿಜ್ಞಾನಕ್ಕೂ ಜಗತ್ತಿನ ಆರೋಗ್ಯಕ್ಕೂ ಇರುವ ಸಂಬಂಧವನ್ನು ಕುರಿತ ವರದಿಯ ರಚನೆಯಲ್ಲಿ ಅವರದೇ ಮುಖ್ಯ ಪಾತ್ರವಾಗಿತ್ತು.

ಮಾತಿನಲ್ಲಿಯೇ ನಿಲ್ಲದೆ ಅವರು ಶ್ರೀಲಂಕೆಗೆ ಹೋದರು. ಅಲ್ಲಿ ಕುರುನೇಗಲ ಎಂಬ ಪಟ್ಟಣದ ಆಸ್ಪತ್ರೆಯಲ್ಲಿ ಥಲಸ್ಸೀಮಿಯದ ರೋಗಿಗಳು ದೊಡ್ಡ ಸಂಖ್ಯೆಯಲ್ಲಿ ಬರುತ್ತಿದ್ದರು. ಸ್ಥಳೀಯ ವೈದ್ಯರೊಡನೆ ಸೇರಿ, 1990ರ ದಶಕದಿಂದ ಮುಪ್ಪಿನ ದಿನಗಳವರೆಗೂ, ವೆದರಾಲ್ ಅಲ್ಲಿಗೆ ಹೋಗಿಬರುತ್ತಿದ್ದರು. ಅಲ್ಲಿಯ ರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರಿಗೆ ಇದ್ದುದು ಒಬ್ಬ ಪೋಷಕರಿಂದ ಬೀಟ ಥಲಸ್ಸೀಮಿಯವೂ ಇನ್ನೊಬ್ಬರಿಂದ ಹೀಮೋಗ್ಲೋಬಿನ್ 'ಇ' ಎಂಬ ದೋಷವೂ ಕೂಡಿ ಬಂದ ರೋಗ. ಬಂಗಾಳ, ಅಸ್ಸಾಂಗಳಿಂದ ಹಿಡಿದು ಥಾಯ್ಲೆಂಡಿನವರೆಗೂ ಇದು ಸಾಮಾನ್ಯ. ಇದರ ಸ್ವಭಾವ ವಿಚಿತ್ರವಾದದ್ದು. ಒಂದೇ ಬಗೆಯ ವಂಶವಾಹಿಗಳುಳ್ಳ ಇಬ್ಬರು ಮಕ್ಕಳಲ್ಲಿ ಒಬ್ಬನು ರಕ್ತವಿಲ್ಲದೆ ಬದುಕಲಾರ. ಇನ್ನೊಬ್ಬನು ಶಾಲೆಗೆ ಹೋಗುತ್ತಾನೆ, ಆಡುತ್ತಾನೆ. ವರ್ಷಗಟ್ಟಲೆ ಒಬ್ಬೊಬ್ಬ ರೋಗಿಯನ್ನೂ ಬೆನ್ನುಹತ್ತಿ ಗಮನಿಸಿದ ಮೇಲೆ ತಿಳಿದದ್ದು ಇದು: ಪ್ರತಿ ತಿಂಗಳೂ ರಕ್ತ ಪಡೆಯುತ್ತಿದ್ದವರಲ್ಲಿ ಕೆಲವರಿಗೆ ಅದರ ಅಗತ್ಯವೇ ಇರಲಿಲ್ಲ. ಹೀಮೋಗ್ಲೋಬಿನ್ನಿನ ಅಂಕಿಯೊಂದನ್ನೇ ನೋಡಿ ರಕ್ತ ಆರಂಭಿಸಲಾಗಿತ್ತು. ಎಚ್ಚರಿಕೆಯಿಂದ ನಿಲ್ಲಿಸಿದಾಗ ಅವರು ಚೆನ್ನಾಗಿಯೇ ಉಳಿದರು. ರಕ್ತದ ಚೀಲವೂ ಔಷಧವೂ ದುರ್ಲಭವಾದ ದೇಶದಲ್ಲಿ ಇದು ಸಣ್ಣ ಲಾಭವಲ್ಲ. ಯಾವ ಹೊಸ ಯಂತ್ರವೂ ಇಲ್ಲದೆ, ರೋಗಿಯ ಪಕ್ಕದಲ್ಲಿ ಕುಳಿತು ಬೆಳವಣಿಗೆಯನ್ನು, ಗುಲ್ಮವನ್ನು, ಮುಖದ ಕಳೆಯನ್ನು ಗಮನಿಸುವ ಹಳೆಯ ವೈದ್ಯಪದ್ಧತಿಯಿಂದಲೇ ಇದು ದೊರೆಯಿತು ಎಂಬುದು ನನಗೆ ಅವರ ದೊಡ್ಡ ಸಾಧನೆಗಳಷ್ಟೇ ಬೆಲೆಯುಳ್ಳದ್ದಾಗಿ ತೋರುತ್ತದೆ.

ಗೌರವಗಳು ಅವರನ್ನು ಅರಸಿ ಬಂದವು. 1987ರಲ್ಲಿ 'ಸರ್' ಪದವಿ, 1989ರಲ್ಲಿ ರಾಯಲ್ ಸೊಸೈಟಿಯ ರಾಯಲ್ ಪದಕ, 2010ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ. 1989ರಲ್ಲಿ ಅವರು ಆಕ್ಸ್‌ಫರ್ಡಿನಲ್ಲಿ ಅಣುವೈದ್ಯಶಾಸ್ತ್ರದ ಸಂಸ್ಥೆಯೊಂದನ್ನು ಕಟ್ಟಿದರು. ರೋಗಿಗಳನ್ನು ನೋಡುವ ವೈದ್ಯರೂ ವಂಶವಾಹಿಗಳನ್ನು ನೋಡುವ ವಿಜ್ಞಾನಿಗಳೂ ಒಂದೇ ಸೂರಿನಡಿ ಕೆಲಸ ಮಾಡಬೇಕೆಂಬುದು ಅವರ ಹಂಬಲವಾಗಿತ್ತು. ಅವರು ನಿವೃತ್ತರಾದ 2000ದಲ್ಲಿ ಆ ಸಂಸ್ಥೆಗೆ ಅವರ ಹೆಸರನ್ನೇ ಇಡಲಾಯಿತು. 2018ರ ಡಿಸೆಂಬರ್ 8ರಂದು, ತಮ್ಮ 85ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅದಾದ ಐದು ವರ್ಷಗಳಿಗೆ, 2023ರ ನವೆಂಬರಿನಲ್ಲಿ, ಬ್ರಿಟನ್ ಒಂದು ಹೊಸ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ರೋಗಿಯ ಮಜ್ಜೆಯ ಮೂಲಕೋಶಗಳನ್ನು ಹೊರತೆಗೆದು, ಗ್ಯಾಮ ಸರವನ್ನು ತಡೆಹಿಡಿಯುವ ವಂಶವಾಹಿ ಅವುಗಳಲ್ಲಿ ಕೆಲಸ ಮಾಡದಂತೆ ಕತ್ತರಿಸಿ, ಆ ಕೋಶಗಳನ್ನು ಅದೇ ರೋಗಿಗೆ ಹಿಂದಿರುಗಿಸುತ್ತಾರೆ. ಗರ್ಭದಲ್ಲಿದ್ದಾಗ ಇದ್ದ ಗ್ಯಾಮ ಸರ ಮತ್ತೆ ತಯಾರಾಗತೊಡಗುತ್ತದೆ; ಜೋಡಿಯಿಲ್ಲದ ಆಲ್ಫಕ್ಕೆ ಜೊತೆ ಸಿಗುತ್ತದೆ. ಚಿಕಿತ್ಸೆ ಪಡೆದವರಲ್ಲಿ ಬಹುಪಾಲು ಮಂದಿಗೆ ಮತ್ತೆ ರಕ್ತ ಕೊಡುವ ಅಗತ್ಯ ಬೀಳಲಿಲ್ಲ. ಅಮೆರಿಕದಲ್ಲಿ ಒಬ್ಬ ರೋಗಿಗೆ ಇದರ ಬೆಲೆ 20 ಲಕ್ಷ ಡಾಲರಿಗೂ ಮೇಲೆ ಎಂದು ಗೊತ್ತುಪಡಿಸಲಾಯಿತು. ಕುರುನೇಗಲದಲ್ಲಿ, ಕಠ್ಮಂಡುವಿನಲ್ಲಿ, ನಮ್ಮ ಬೆಂಗಳೂರಿನಲ್ಲಿ ತಾಯಂದಿರು ಇಂದಿಗೂ ಮೂರು ನಾಲ್ಕು ವಾರಕ್ಕೊಮ್ಮೆ ಮಗುವನ್ನು ಎತ್ತಿಕೊಂಡು, ಯಾರೋ ಗುರುತಿಲ್ಲದವರು ದಾನ ಮಾಡಿದ ಒಂದು ಚೀಲ ರಕ್ತಕ್ಕಾಗಿ ಆಸ್ಪತ್ರೆಗೆ ಬರುತ್ತಿದ್ದಾರೆ.